ಪಾರೀಸಣ್ಣ ಆರಿಸಿದ ಡಬ್ಬಿ

ಪಾರೀಸಣ್ಣನ ಕಿವಿಗೆ ಹೆಸರು ಬಂದದ್ದು ಖಾನಾಪುರದ ಒಂದು ಮದುವೆಯಲ್ಲಿ. ಆಗ ಅವನು ಅಲ್ಲಿಯ ಸೊಸೈಟಿಯೊಂದರಲ್ಲಿ ಕಾರಕೂನ, ಪಾರಿಶ್ವಾಡದಿಂದ ದಿನವೂ ಬಸ್ಸು ಹಿಡಿದು ಬರುವ ತರುಣ. ಊಟದ ಪಂಕ್ತಿಯಲ್ಲಿ ಕೂತವನು ಜಿಲೇಬಿ ಕೈಯಲ್ಲಿ ಹಿಡಿದುಕೊಂಡೇ, "ಪೇಟಿ ಒಂದು ಸ್ವರ ಇಳದೈತಿ" ಅಂದುಬಿಟ್ಟ. ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿಯವನು ಸಿಟ್ಟಿನಿಂದ ಬಿಚ್ಚಿ ನೋಡಿದರೆ, ಖರೇನೇ ಇಳಿದಿತ್ತು! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಯಾರೂ ಅನ್ನಲಿಲ್ಲ. ಅಂದಿನಿಂದ ಅವನು ಕಿವಿ ಪಾರೀಸಣ್ಣ.

ಆ ಒಂದು ಸ್ವರದ ಬಡ್ಡಿಯಲ್ಲೇ ಮನುಷ್ಯ ಮುಂದಿನ ಆಯುಷ್ಯ ಕಳೆದ ಅಂದರೂ ತಪ್ಪಿಲ್ಲ. ಸೊಸೈಟಿಯಲ್ಲಿ ಅವನಿಗೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಆದರೆ ರೇಡಿಯೋ ಕೊಳ್ಳುವವರು, ಸ್ಪೀಕರ್ ಕೊಳ್ಳುವವರು, ಮಗಳಿಗೆ ಸಂಗೀತದ ಮಾಸ್ತರನ್ನು ಹುಡುಕುವವರು, ಎಲ್ಲರೂ ಅವನ ಬಾಯಿಂದ ಒಂದು ಮಾತು ಕೇಳಲು ಬರುತ್ತಿದ್ದರು. "ಹೆಂಗ ಐತ್ರಿ, ಅಣ್ಣಾ?" ಆ ಪ್ರಶ್ನೆ ಕಿವಿಗೆ ಬಿದ್ದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಅವನು ಕಣ್ಣು ಮುಚ್ಚುತ್ತಿದ್ದ, ತಲೆ ಸ್ವಲ್ಪ ಎಡಕ್ಕೆ ವಾಲಿಸುತ್ತಿದ್ದ, ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಮೇಲೆ ಹೆಚ್ಚಾಗಿ ಬೈಗುಳವೇ ಬರುತ್ತಿತ್ತು. ಬೈದಷ್ಟೂ ಕಿವಿ ದೊಡ್ಡದು ಅಂತ ಜನ ತಿಳಿಯುತ್ತಾರೆ, ಅದೇನು ಮರುಳೋ!

ನಿವೃತ್ತಿಯಾದ ಮೇಲೆ ಬೆಳಗಾವಿಯಲ್ಲಿ ಮನೆ ಮಾಡಿದ. ಹಾಲ್ ತುಂಬ ಸ್ಪೀಕರು, ಆಂಪ್ಲಿಫೈಯರು, ವಾಯರು. ಭಾನುವಾರ ಮಧ್ಯಾಹ್ನ ಗೆಳೆಯರು ಕೂಡುತ್ತಿದ್ದರು: ಖಾನಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ವಿಪುಲ, ವಕೀಲ ಪಾರ್ಶ್ವ, ಇನ್ನಿಬ್ಬರು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುವ ಹಾಗಿಲ್ಲ, ಕುಕ್ಕರ್ ಸೀಟಿ ಹೊಡೆಯುವ ಹಾಗಿಲ್ಲ. ಹೆಂಡತಿ ಅಕ್ಕಾತಾಯಿ ಚಹಾ ತರುವಾಗ ಬಳೆ ಮೊಣಕೈಗೆ ಏರಿಸಿಕೊಂಡು ಬರಬೇಕು, ಒಂದು ಸಲ ಸದ್ದಾಗಿ ಎಲ್ಲರ ಮುಂದೆ ಬೈಸಿಕೊಂಡಿದ್ದಳು.

ಹೋದ ವರ್ಷ ಅವನಿಗೆ ಡ್ಯಾಕ್‌ನ ಹುಚ್ಚು ಹಿಡಿಯಿತು. ಕಂಪ್ಯೂಟರಿನೊಳಗೆ ಹಾಡು ಬರೀ ಅಂಕಿಗಳಾಗಿ ಬಿದ್ದಿರುತ್ತದಂತೆ, ಅದನ್ನು ಸ್ಪೀಕರಿಗೆ ಒಪ್ಪುವ ನಾದವಾಗಿ ತಿರುಗಿಸಿ ಕೊಡುವ ಡಬ್ಬಿಯೇ ಈ ಡ್ಯಾಕ್. ಆರಿಸಲು ಮನೆಗೆ ಬಂದಿದ್ದವು ಎರಡು. ಒಂದು ಪರದೇಶದ್ದು, ಪುಣೆಯ ವ್ಯಾಪಾರಿ ನೋಡಲು ಕೊಟ್ಟದ್ದು, ದರ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಇನ್ನೊಂದು ಪೀರನವಾಡಿಯ ಬಸವಪ್ರಸಾದ ತನ್ನ ಕೈಯಾರೆ ಕಟ್ಟಿದ್ದು. ಫೌಂಡ್ರಿಯ ಇಲೆಕ್ಟ್ರಿಕಲ್ ಕೆಲಸ ಬಿಟ್ಟು, ಇದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆಂದು ಹೊರಟ ಹುಡುಗ ಅವನು. ಪಾರೀಸಣ್ಣ ಹೌದೆಂದರೆ ಆ ಭಾನುವಾರದ ಗೆಳೆಯರೆಲ್ಲ ಅವನ ಡಬ್ಬಿಯನ್ನೇ ಕೊಳ್ಳುವುದೆಂದು ಮಾತಾಗಿತ್ತು. ಪಾರೀಸಣ್ಣನಿಗಂತೂ ಇಷ್ಟು ದೊಡ್ಡ ತೀರ್ಪು ಹೇಳುವ ಯೋಗ ಹಿಂದೆಂದೂ ಬಂದಿರಲಿಲ್ಲ.

ಆರಿಸುವ ದಿನ ಬಸವಪ್ರಸಾದನೂ ಬಂದು ಬಾಗಿಲ ಹತ್ತಿರ ಕೂತಿದ್ದ. ವಾಯರು ಬದಲಿಸಲು ಕಪಾಟಿನ ಹಿಂದೆ ಬಗ್ಗಬೇಕು. ಪಾರೀಸಣ್ಣನಿಗೆ ಸೊಂಟನೋವು. ಅಕ್ಕಾತಾಯಿಗೂ ಸೊಂಟವಿತ್ತು, ಆದರೆ ಅದರ ಸುದ್ದಿ ಆ ಮನೆಯಲ್ಲಿ ಎಂದೂ ಎದ್ದದ್ದಿಲ್ಲ. ಅವಳೇ ಹಿಂದೆ ಸೇರಿಕೊಂಡಳು.

"ಮೊದಲ ಪರದೇಶದ್ದು ಹಚ್ಚು."

ಹಾಡು ಶುರುವಾಯಿತು. ಪಾರೀಸಣ್ಣ ಕಣ್ಣು ಮುಚ್ಚಿದ, ತಲೆ ವಾಲಿಸಿದ. ಸ್ವಲ್ಪ ಹೊತ್ತಿಗೆ ಕಣ್ಣಂಚಿನಲ್ಲಿ ನೀರೇ ಬಂತು. "ಏನ್ ನಾದದ ಆಳಪಾ ಇದು! ಹಾಡೂಕಿ ಇಲ್ಲೇ ನಮ್ಮ ಬಾಜೂಕ ಬಂದು ಕುಂತಂಗ ಆತಲ್ಲೋ!" ವಿಪುಲ ತಲೆ ಅಲ್ಲಾಡಿಸಿದ. ಪಾರ್ಶ್ವನೂ ಅಲ್ಲಾಡಿಸಿದ.

"ಈಗ ಇವಂದು ಹಚ್ಚು."

ಕಪಾಟಿನ ಹಿಂದೆ ಸರಸರ ಸದ್ದಾಯಿತು. ಅದೇ ಹಾಡು ಮತ್ತೆ ಶುರುವಾಗಿ ನಾಲ್ಕು ಸಾಲು ಮುಗಿಯುವುದರೊಳಗೆ ಪಾರೀಸಣ್ಣ ಕೈ ಎತ್ತಿದ. "ಸಾಕು, ಬಂದ್ ಮಾಡು. ಡಬರಿಯೊಳಗ ಕುಂತು ಹಾಡಿದಂಗ ಐತಿ." ಬಾಗಿಲ ಕಡೆ ತಿರುಗಿದ. "ತಮ್ಮಾ ಬಸವಪ್ರಸಾದ, ಕೈಯಿಂದ ರೊಟ್ಟಿ ಬಡೀಬೇಕು, ಡ್ಯಾಕ್ ಅಲ್ಲ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗನೂ ನಗಲು ನೋಡಿದ, ಆಗಲಿಲ್ಲ. "ಇನ್ನೊಮ್ಮೆ ಕೇಳ್ರಿ ಕಾಕಾ" ಅಂದ. "ನನ್ನ ಕಿವಿಗೆ ಎರಡ ಸಲ ಬೇಕಾಗೂದಿಲ್ಲ" ಅಂದ ಪಾರೀಸಣ್ಣ. ಅಕ್ಕಾತಾಯಿ ಕಪಾಟಿನ ಹಿಂದಿನಿಂದ ಎದ್ದು ಏನೋ ಹೇಳಲು ಬಾಯಿ ತೆರೆದಳು. "ನೀ ಒಳಗ ನಡಿ, ಚಹಾ ಇಡು" ಅಂತ ಅವನು ಗದರಿದ. ಅವಳು ಒಳಗೆ ಹೋದಳು. ಬಸವಪ್ರಸಾದ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಚಹಾ ಬರುವ ಮೊದಲೇ ಹೊರಟುಹೋದ. ವಿಪುಲ, ಪಾರ್ಶ್ವ, ಉಳಿದಿಬ್ಬರು, ಎಲ್ಲರೂ ಪರದೇಶದ ಡಬ್ಬಿ ತರಿಸಿದರು. ಹಿತ್ತಲ ಗಿಡ ಮದ್ದಲ್ಲ ನೋಡಿ!

ಭಾದ್ರಪದ ಬಂತು, ದಶಲಕ್ಷಣ ಪರ್ವವೂ ಮುಗಿಯಿತು. ಮರುದಿನ ಕ್ಷಮಾವಣಿ. ಅಂದು ಜೈನರ ಮನೆಮನೆಗಳಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಕೇಳಿದ ಮೇಲೆ ಕೊಡಲೇಬೇಕು, ಇಲ್ಲ ಅನ್ನುವ ಹಾಗಿಲ್ಲ. ಬಸದಿಯಿಂದ ನೇರ ಪಾರೀಸಣ್ಣನ ಮನೆಗೆ ವಿಪುಲ, ಪಾರ್ಶ್ವ ಬಂದಿದ್ದರು. ಅಕ್ಕಾತಾಯಿ ಗಂಡನ ಮುಂದೆ ಬಂದು ಕೈಮುಗಿದಳು.

"ಉತ್ತಮ ಕ್ಷಮಾ ರೀ. ಪ್ರತಿ ವರ್ಷ ಬಾಯಿಪಾಠ ಹೇಳತಿದ್ದೆ, ಈ ವರ್ಷ ತಪ್ಪಿನ ಹೆಸರು ಹಿಡದ ಕೇಳತೀನಿ. ಡಬ್ಬಿ ಆರಿಸಿದ ದಿನ ನಾ ವಾಯರ್ ಬದಲ ಮಾಡಲೇ ಇಲ್ರಿ."

"ಅಂದ್ರ?"

"ಮೊದಲಿಂದ ಬಸವಪ್ರಸಾದನ ಡಬ್ಬಿಗೇ ಹಚ್ಚಿತ್ತು. ಬಗ್ಗಾಕ ಆಗಲಿಲ್ಲ, ಬರೇ ವಾಯರ್ ಅಲುಗಾಡಿಸಿ ಬಿಟ್ಟೆ. ನೀವು ಕಣ್ಣೀರ ಹಾಕಿದ್ರಲ್ಲ, ಅದೂ ಅವಂದ. ಡಬರಿ ಅಂದ್ರಲ್ಲ, ಅದೂ ಅವಂದ."

ಪಾರೀಸಣ್ಣನ ಮುಖದ ರಕ್ತ ಇಳಿದುಹೋಯಿತು. "ಆವತ್ತೇ ಯಾಕ ಬೊಗಳಲಿಲ್ಲ?"

"ಬಾಯಿ ತೆಗದೆ. ಚಹಾ ಇಡು ಅಂದ್ರಿ. ಇಟ್ಟೆ." ಅವಳು ಮುಗಿದ ಕೈ ಬಿಡಲಿಲ್ಲ. "ಖರೇ ಹೇಳತೀನ್ರಿ, ಆಮ್ಯಾಲ ನನಗ ಸಂತೋಷನೂ ಆತು. ಆ ಹುಡುಗನ ಬಾಳೇವು ಕೆಡಾಕತ್ತಿದ್ದು ಕಂಡೂ ಸುಮ್ಮನಿದ್ದೆ, ಇವರ ಕಿವಿ ಏನಂತ ನನಗೊಬ್ಬಾಕಿಗೇ ಗೊತ್ತೈತಿ ಅಂತ ಒಳಗೊಳಗ ನಗತಿದ್ದೆ. ಆ ಪಾಪಕ್ಕ ಕ್ಷಮಾ ಕೇಳಾಕತ್ತೀನಿ."

ಮೊದಲು ನಕ್ಕವನು ವಿಪುಲ. ನಗುತ್ತ ನಗುತ್ತ ಅವನಿಗೆ ತಾನೂ ಅಂದು ತಲೆ ಅಲ್ಲಾಡಿಸಿದ್ದು ನೆನಪಾಗಿರಬೇಕು, ನಗು ತಟ್ಟನೆ ಸಿಟ್ಟಾಯಿತು. "ನಿಮ್ಮ ಮಾತು ನಂಬಿ ನಾವೆಲ್ಲಾರೂ ಹಳ್ಳಕ್ಕ ಬಿದ್ವಿ ಅಲ್ರಿ, ಅಣ್ಣಾ!" ಪಾರ್ಶ್ವ ವಕೀಲ, ಅವನು ಬರೀ ಕೆಮ್ಮಿದ. ಮೂವರೂ ಪಾರೀಸಣ್ಣನ ಬಾಯಿಯನ್ನೇ ನೋಡುತ್ತ ಕಾದರು. ಹೊಡೆಯಬೇಕೆನ್ನಿಸಿತು ಅವನಿಗೆ. ಆದರೆ ಅದು ಕ್ಷಮಾವಣಿಯ ದಿನ. ಹಲ್ಲು ಕಚ್ಚಿ, "ಕ್ಷಮಾ" ಅಂದ.

ಮಧ್ಯಾಹ್ನದೊಳಗೆ ಸುದ್ದಿ ಖಾನಾಪುರದ ಬಾಜಾರ ಮುಟ್ಟಿತ್ತು. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಡಬರಿಯ ಚಿತ್ರ ಹಾಕಿ ಕೆಳಗೆ 'ಉತ್ತಮ ಕ್ಷಮಾ' ಎಂದು ಬರೆದಿದ್ದರು. ಪಾರೀಸಣ್ಣ ಅದನ್ನು ಮತ್ತೆ ಮತ್ತೆ ತೆರೆದು ನೋಡಿದ. ಕೊನೆಗೆ ಒಂದು ದಾರಿ ಹೊಳೆಯಿತು: ಬಸವಪ್ರಸಾದನಿಂದ ಡಬ್ಬಿ ಮರಳಿ ತರುವುದು, ಎಲ್ಲರನ್ನೂ ಕರೆಯುವುದು, ಈ ಸಲ ವಾಯರು ಪಾರ್ಶ್ವನ ಕೈಯಲ್ಲಿ ಕೊಡುವುದು, ಎರಡರ ನಾದವನ್ನೂ ಕಿವಿಯಿಂದಲೇ ಬೇರೆ ಮಾಡಿ ತೋರಿಸುವುದು. ಹೋದ ಮಾನ ಆ ಡಬ್ಬಿಯಿಂದಲೇ ವಾಪಸು ಬರಬೇಕು. ಕ್ಷಮೆ ಕೇಳುವ ನೆವವಂತೂ ಇತ್ತು. ಆಟೋ ಹತ್ತಿದ. ಕರೆಯದೇ ಇದ್ದರೂ ಅಕ್ಕಾತಾಯಿ ಪಕ್ಕದಲ್ಲಿ ಬಂದು ಕೂತಳು.

ಪೀರನವಾಡಿಯ ಮನೆಯಲ್ಲಿ ಬಸವಪ್ರಸಾದ ನೆಲದ ಮೇಲೆ ಕೂತು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಫೌಂಡ್ರಿಯವರು ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. "ಬರ್ರಿ ಕಾಕಾ, ಕಾಕೂ, ಕುಂದರ್ರಿ" ಅಂದ. ಒಳಗಿನಿಂದೆಲ್ಲೋ ಹಾಡು ಕೇಳುತ್ತಿತ್ತು. ಪಾರೀಸಣ್ಣನಿಗೆ ಇದೇ ಸರಿಯಾದ ಗಳಿಗೆ ಅನ್ನಿಸಿತು. ಕಣ್ಣು ಮುಚ್ಚಿದ, ತಲೆ ವಾಲಿಸಿದ.

"ಆಹಾ, ತಮ್ಮಾ! ಏನ್ ಡಬ್ಬಿ ಕಟ್ಟೀಯಪಾ! ಈಗ ಕೇಳು ಅದರ ಆಳ!"

"ಅದು ಬಾಜೂ ಮನಿಯವರ ಟೀವಿ ರೀ" ಅಂದ ಬಸವಪ್ರಸಾದ. "ಡಬ್ಬಿ ಆಗಲೇ ಬಿಚ್ಚಿ ಸಾಮಾನು ಮಾರಿ ಬಿಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕಾತಾಯಿ ನಗಲಿಲ್ಲ, ಅವಳು ತಲೆ ತಗ್ಗಿಸಿದ್ದಳು. ಆಮೇಲೆ ಡಬ್ಬಿ ಆರಿಸಿದ ದಿನ ನಡೆದದ್ದನ್ನು ಹೇಳಿದವಳೂ ಅವಳೇ, ಒಂದೂ ಮುಚ್ಚಿಡದೆ. ಬಸವಪ್ರಸಾದ ತಂತಿ ಸುತ್ತುವುದನ್ನು ನಿಲ್ಲಿಸಿ ಕೇಳಿದ. ಅವನ ಹೆಂಡತಿ ಸಮೃದ್ಧಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿದಳು. ಪಾರೀಸಣ್ಣನಿಗೆ ತಾನು ಏತಕ್ಕೆ ಬಂದಿದ್ದೆನೆಂಬುದೇ ಮರೆತುಹೋಯಿತು. ತಂತಿ ಬಿಟ್ಟು ನಿಂತ ಆ ಕೈ ನೋಡುತ್ತ ಸಂಕಟ ಎದ್ದಿತು, ಅವನ ಬದುಕಿನಲ್ಲಿ ಬೇರೆಯವರಿಗಾಗಿ ಎದ್ದ ಸಂಕಟ ಅದೊಂದೇ ಇರಬೇಕು. ಎದ್ದು ನಿಂತ. ಕೈ ಜೋಡಿಸಿದ.

"ತಪ್ಪಾತೋ, ತಮ್ಮಾ. ಉತ್ತಮ ಕ್ಷಮಾ. ನಮ್ಮಿಬ್ಬರದೂ."

ಬಸವಪ್ರಸಾದ ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ.

"ನಮ್ಮಲ್ಲಿ ಆ ಹಬ್ಬ ಇಲ್ರಿ, ಕಾಕಾ" ಅಂದ. ಮತ್ತೆ ತಂತಿ ಕೈಗೆತ್ತಿಕೊಂಡ.

ಪಾರೀಸಣ್ಣನ ಜೋಡಿಸಿದ ಕೈ ಹಾಗೇ ಉಳಿಯಿತು. ಕೊಡಲೇಬೇಕಾದ ಕ್ಷಮೆಗಳ ನಡುವೆ ಹುಟ್ಟಿ ಬೆಳೆದವನು ಅವನು, ಇಲ್ಲವೆಂದಾಗ ಮುಗಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಜೈನರು ಏನೂ ಮುಟ್ಟುವುದಿಲ್ಲವೆಂದು ಗೊತ್ತಿದ್ದ ಸಮೃದ್ಧಿಯೇ ಮಾತಾಡಿದಳು. "ಹೊತ್ತು ಮುಳುಗಾಕ ಇನ್ನಾ ಟೈಮ್ ಐತ್ರಿ, ನಿಮಗ ನಡೀತೈತಿ. ಚಹಾ ಕುಡದ ಹೋಗ್ರಿ."

ಚಹಾ ಬಂತು. ಇಬ್ಬರೂ ಕೂತು ಕುಡಿದರು. ಪಾರೀಸಣ್ಣ ಕಪ್ಪು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕಾದ. ಚಹಾ ಹೆಂಗ ಐತ್ರಿ ಅಂತ ಯಾರೂ ಕೇಳಲಿಲ್ಲ.