ಮಾಸ್ತರರ ಪಟ್ಟಿಗೆ ಹತ್ತದ ಅಯಸ್ಕಾಂತ

ಎಂಬತ್ತರ ದಶಕದ ಆ ದಿನಗಳಲ್ಲಿ, ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಯ ನಮ್ಮ ಶಾಲೆಯ ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಆದರೂ ಘಾಟು ಒಳಗೆ ನುಗ್ಗುತ್ತಿತ್ತು. ಪಾಠದ ನಡುವೆ ಯಾರಾದರೊಬ್ಬರು ಸೀನುತ್ತಲೇ ಇರುತ್ತಿದ್ದರು. ಸೀನಿದ್ದಕ್ಕೂ ಹೊಡೆಯುತ್ತಿದ್ದವರು ವಿಜ್ಞಾನದ ಮಾಸ್ತರರು. ಅವರ ಸ್ಟೀಲಿನ ಫೂಟಪಟ್ಟಿ ಗೆರೆ ಎಳೆದದ್ದು ನನಗೆ ನೆನಪಿಲ್ಲ. ಅದರ ಅಂಚು ನಮ್ಮ ಬೆರಳ ಗಿಣ್ಣುಗಳಿಗೇ ಮೀಸಲು.

ಅಯಸ್ಕಾಂತದ ಪಾಠದ ದಿನ ನನ್ನ ಪಕ್ಕದ ಶಂಷಾದ್, ಅಪ್ಪನ ಹೊಲಿಗೆ ಅಂಗಡಿಯಲ್ಲಿ ಬಿದ್ದ ಸೂಜಿ ಎತ್ತುವ ಅಯಸ್ಕಾಂತ ತಂದಿದ್ದಳು. ಕಾಗದಕ್ಕೆ ಚುಚ್ಚುವ ಟಾಚಣಿ ಹತ್ತಿತು, ತಗಡಿನ ಕಂಪಾಸ್ ಡಬ್ಬಿ ಹತ್ತಿತು. ಹಿತ್ತಾಳೆ ಗಂಟೆಗೆ ಹತ್ತಲಿಲ್ಲ.

"ಕಬ್ಬಿಣ, ಸ್ಟೀಲು ಯಾವುದಿದ್ರೂ ಹತ್ತತೈತಿ," ಎಂದು ಮಾಸ್ತರರು ತಮ್ಮ ಪಟ್ಟಿ ಹಿಡಿದರು. ಅಯಸ್ಕಾಂತ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಹಚ್ಚಿದರು, ಮತ್ತೆ ಬಿತ್ತು.

"ನಿಮ್ಮ ಪಟ್ಟಿಗೆ ಹತ್ತವಲ್ದ್ರೀ ಸರ್," ಎಂದಳು ಶಂಷಾದ್. ಹಿಂದಿನ ಬೆಂಚು ನಕ್ಕಿತು.

ಅದೇ ಪಟ್ಟಿ ಅವಳ ಗಿಣ್ಣಿನ ಮೇಲೆ ನಾಲ್ಕು ಸಲ ಬಿತ್ತು. "ಟೇಲರ್ ಮಗಳು ನನಗ ಕಲಿಸಾಕ ಬಂದಾಳ! ನಿನ್ನ ಅಯಸ್ಕಾಂತನ ಖೊಟ್ಟಿ ಐತಿ. ನಾಳೆ ಖರೇದು ತಂದು ತೋರಿಸು, ಇಲ್ಲಂದ್ರ ವರ್ಗದಾಗ ಕಾಲಿಡಬ್ಯಾಡ." ಅಯಸ್ಕಾಂತ ಅವರ ಜೇಬು ಸೇರಿತು.

"ಇನ್ನೊಂದು ಎಲ್ಲಿಂದ ತರ್ಲಿ?" ಎಂದು ಸಂಜೆ ಶಂಷಾದ್ ಕೇಳಿದಳು. ಉಪಾಯ ಹೇಳಿದವಳು ನಾನು. "ಹಳಿ ಮ್ಯಾಲೆ ಮೊಳೆ ಇಡೋಣು. ರೈಲು ಹಾದ್ರ ಅಯಸ್ಕಾಂತ ಆಗತೈತಿ." ನಮ್ಮೂರಿನ ಮಕ್ಕಳೆಲ್ಲ ಅದನ್ನು ನಂಬಿದ್ದೆವು. ಕಂಡವರು ಯಾರೂ ಇರಲಿಲ್ಲ.

ಸ್ಟೇಷನ್ನಿನ ಆಚೆ ಮೊಳೆ ಇಟ್ಟು ದೂರ ನಿಂತೆವು. ಗೂಡ್ಸ್ ಗಾಡಿ ಕಂಡಿತು. ಹಳಿ ನಡುಗಿ ಮೊಳೆ ಕೆಳಗುರುಳಿತು.

"ಬಿಡಲೇ, ಬಾ ಈ ಕಡೆ!" ಎಂದೆ.

"ನಾಳೆ ಹೊರಗ ನಿಲ್ಲಾಕಿ ನೀನೇನು?" ಎಂದು ಓಡಿದವಳು ಬಗ್ಗಿ ಮೊಳೆ ಇಟ್ಟಳು. ಆಗಲೇ ಸ್ಟೇಷನ್ನಿನಲ್ಲಿ ಒಟ್ಟಿದ್ದ ಮೆಣಸಿನಕಾಯಿ ಚೀಲಗಳ ಕಡೆಯಿಂದ ಗಾಳಿ ಬೀಸಿತು. ಅವಳಿಗೆ ಸೀನು ಹತ್ತಿತು. ಬಗ್ಗಿದಲ್ಲೇ, ಕಣ್ಣು ಮುಚ್ಚಿ, ಒಂದರ ಮೇಲೊಂದು. ಹೇಗೆ ಓಡಿದೆನೋ ತಿಳಿಯದು. ಜಡೆ ಹಿಡಿದು ಎಳೆದೆ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಅವಳ ಪಾದಕ್ಕೂ ಗಾಲಿಗೂ ನಡುವೆ ಇದ್ದದ್ದು ಒಂದು ಫೂಟಪಟ್ಟಿಯಷ್ಟು ಜಾಗ.

ಮೊಳೆ ಬೇವಿನೆಲೆಯಂತೆ ಚಪ್ಪಟೆಯಾಗಿತ್ತು. ಟಾಚಣಿ ಹಚ್ಚಿ ನೋಡಿದೆವು. ಹತ್ತಲಿಲ್ಲ.

ಹಳಿ ಕಾಯುವ ಗ್ಯಾಂಗ್‌ಮನ್ ಒಬ್ಬ ನಮ್ಮನ್ನು ಕಿವಿ ಹಿಡಿದು ಮನೆ ಮುಟ್ಟಿಸಿದ. ಮರುದಿನ ಶಂಷಾದಳ ಅಪ್ಪ ವರ್ಗದ ಬಾಗಿಲಲ್ಲಿ ನಿಂತು ಕೇಳಿದರು: "ನಮ್ಮ ಅಯಸ್ಕಾಂತ ಕೊಡ್ರಿ ಸರ್."

"ಯಾವ ಅಯಸ್ಕಾಂತ?" ಮಾಸ್ತರರು ಪಟ್ಟಿಯಿಂದ ಮೇಜು ತಟ್ಟಿದರು. "ಯಾರರ ಕಂಡೀರೇನ್ರೋ?"

ಎಲ್ಲರೂ ಪುಸ್ತಕಕ್ಕೆ ತಲೆ ಬಗ್ಗಿಸಿದರು, ನಾನೂ. ನನ್ನ ಬೆರಳುಗಳು ಬೆಂಚಿನ ಕೆಳಗೆ ಮುದುಡಿದ್ದವು. ಬಾಗಿಲಾಚೆ ನಿಂತಿದ್ದ ಶಂಷಾದ್ ನನ್ನನ್ನೇ ನೋಡುತ್ತಿದ್ದಳು. ಅದೇ ವಾರ ಅವಳನ್ನು ರಾಣೆಬೆನ್ನೂರಿನ ಅತ್ತೆಯ ಮನೆಗೆ, ಅಲ್ಲಿಯ ಶಾಲೆಗೆ ಕಳಿಸಿದರು.

ಕೆಲವು ಜಾತಿಯ ಸ್ಟೀಲಿಗೆ ಅಯಸ್ಕಾಂತ ಹತ್ತುವುದಿಲ್ಲವೆಂದು ನಾನು ಕಾಲೇಜಿನಲ್ಲಿ ಓದಿದೆ. ಈಗಲೂ ಮಗಳ ಫೂಟಪಟ್ಟಿ ಕೈಗೆ ಸಿಕ್ಕರೆ ನೆಲದ ಮೇಲಿಟ್ಟು ನೋಡುತ್ತೇನೆ. ಇಷ್ಟೇ ಜಾಗ. ಅಷ್ಟು ಹತ್ತಿರದಿಂದ ಎಳೆದು ತಂದವಳನ್ನು ಮರುದಿನ ಬೆಂಚಿನ ಮೇಲೆ ಕುಳಿತೇ ಕಳೆದುಕೊಂಡೆ.