ಮೌನೇಶಪ್ಪನ ಸೊಟ್ಟ ಮಂಚ

ಊಟಕ್ಕೆ ಕರೆದರೂ ಅಷ್ಟೇ, ಬಡಿಗೇರ ಮೌನೇಶಪ್ಪ ಚೀಲದಿಂದ ಮೂಲೆಮಟ್ಟ ತೆಗೆದು, ಬಾಳೆಎಲೆ ಗೋಡೆಗೆ ನೆಟ್ಟಗಿದೆಯೇ ಎಂದು ನೋಡಿಯೇ ಹೋಳಿಗೆ ಮುಟ್ಟುತ್ತಿದ್ದ. ಬೆಟಗೇರಿಯಲ್ಲಿ ಅವನು ಕೂಡಿಸಿದ ಬಾಗಿಲು ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ. ವಾಲಿದ್ದು ಅವನ ಸಂಸಾರ. ಮಂಚವನ್ನು ಕಿಟಕಿಯ ಗಾಳಿಗೆ ಅಡ್ಡ ಹಾಕಬೇಕೆಂದು ಹೆಂಡತಿ ಕಾಳವ್ವ, ಗೋಡೆಗುಂಟ ಉದ್ದ ಹಾಕಬೇಕೆಂದು ಇವನು. ಆಕೆ ಶಿರಹಟ್ಟಿಯ ತವರು ಸೇರಿ ಎಂಟು ತಿಂಗಳಾಗಿತ್ತು. ಖಾನಾವಳಿ ರೊಟ್ಟಿ ತಿಂದು ಮನುಷ್ಯ ಕಡ್ಡಿಯಾಗಿದ್ದ. ಹೋಗಿ ಕರಕೊಂಡು ಬಾರೋ ಅಂದರೆ, "ಮಂಚ ಸರಿ ಐತ್ರಿ, ಆಕಿನ ತಪ್ಪು" ಎನ್ನುತ್ತಿದ್ದ.

ಆಗ ನಮ್ಮ ಮಾಳಿಗೆಗೆ ಬಾಡಿಗೆಗೆ ಬಂದರು ರಿಬ್ಕಾಬಾಯಿ. ಮುಂಬೈ ಕಡೆಯ ಯಹೂದಿ, ನಮ್ಮ ಕಡೆಯ ದವಾಖಾನೆಗಳಲ್ಲೇ ದುಡಿದು ನಿವೃತ್ತರಾದ ನರ್ಸು. ಅವರ ಮಂದಿ ದೇವರ ಮಾತು ಬರೆದ ಚರ್ಮದ ಸುರುಳಿಯನ್ನು ಪುಟ್ಟ ಕರಡಿಗೆಯಲ್ಲಿಟ್ಟು ಬಾಗಿಲ ಚೌಕಟ್ಟಿಗೆ ಬಡಿಯುತ್ತಾರೆ, ಮೆಜೂಜಾ ಅಂತ. ಮೌನೇಶಪ್ಪ ಸಾಗವಾನಿಯಲ್ಲಿ ಆ ಕರಡಿಗೆ ಕೆತ್ತಿ, ಅವರು ಹೇಳಿದಂತೆ ಮೇಲೊಂದು ಡಾಳಿಂಬಿ ಹಣ್ಣು ಬಿಡಿಸಿದ.

"ಡಾಳಿಂಬಿ ಯಾಕ್ರಿ ಬಾಯಾರ?"

"ಅದರಾಗ ಕಾಳು ಎಷ್ಟಿರ್ತಾವೊ, ಮನ್ಯಾಗ ಅಷ್ಟು ಒಳ್ಳೆ ಕೆಲಸ ಆಗ್ಲಿ ಅಂತ. ಆದರ ಸೊಟ್ಟ ಬಡೀರಿ."

ಇವನು ನೆಟ್ಟಗೆ ಬಡಿದ. ಬಾಯಾರು ಎದುರಿಗೇ ನಿಂತು ಸೊಟ್ಟ ಮಾಡಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ನೆಟ್ಟಗೆ! ಹೀಗೆ ಮೂರು ಸಲ. ನನಗೆ ಸಿಟ್ಟು ನೆತ್ತಿಗೇರಿತು.

"ಲೇ, ಬಾಯಾರ ದೇವ್ರಿಗೂ ಮಟ್ಟ ಹಚ್ಚತಿ ಏನಲೇ?"

"ಹಾದಿ ಮಂದಿ ನೋಡಿ, ಮೌನೇಶನ ಕಣ್ಣು ಹೋದವು ಅಂತಾರ್ರಿ."

ರಿಬ್ಕಾಬಾಯಿ ಅವನನ್ನು ಮೆಟ್ಟಿಲ ಮೇಲೆ ಕೂಡಿಸಿದರು. "ಹಿಂದಕ ನಮ್ಮ ಇಬ್ಬರು ಪಂಡಿತರು ವಾದಕ್ಕ ಬಿದ್ರು. ಒಬ್ರು ಇದನ್ನ ನಿಲ್ಲಿಸ್ರಿ ಅಂದ್ರು, ಒಬ್ರು ಮಲಗಿಸ್ರಿ ಅಂದ್ರು. ಕಡೀಕ ಮಂದಿ ಸೊಟ್ಟ ಬಡದ್ರು."

"ಗೆದ್ದವ್ರು ಯಾರ್ರಿ?"

"ಯಾರೂ ಇಲ್ಲ. ಇಬ್ರ ಮಾತೂ ಬಾಗಿಲದಾಗ ಐತಿ."

ಅವನು ಎದ್ದು ಮೊಳೆ ಕಿತ್ತ. ಆಮೇಲೆ ತಾನೇ ಸೊಟ್ಟ ಬಡಿದ, ಕಡೆಯ ಮೊಳೆಗೆ ಕಣ್ಣು ಮುಚ್ಚಿಕೊಂಡು. ಹತಾರದ ಚೀಲ ಹೆಗಲಲ್ಲಿದ್ದಂತೆಯೇ ಶಿರಹಟ್ಟಿ ಬಸ್ಸು ಹತ್ತಿದ.

ಮರುದಿನ ಕಾಳವ್ವ ಬಂದಳು. ಮಂಚ ಕೋಣೆಯಲ್ಲಿ ಮೂಲೆಯಿಂದ ಮೂಲೆಗೆ ಬಿತ್ತು. ಕಪಾಟು ಗೇಣಷ್ಟೇ ತೆರೆಯುತ್ತಿತ್ತು. ಅಡಿಗೆಮನೆಗೆ ಹೋಗಬೇಕಾದರೆ ಮಂಚ ಹತ್ತಿ ಇಳಿಯಬೇಕು. ಚಹಾಕ್ಕೆ ಹೋದಾಗಲೆಲ್ಲ ನಾನೂ ಧೋತರ ಎತ್ತಿ ಹತ್ತಿ ಇಳಿದಿದ್ದೇನೆ. "ಖರೇ ನಲವತ್ತೈದು ಡಿಗ್ರಿ ಐತ್ರಿ, ಅಳದೇನಿ" ಎಂದು ಅವನು ಎದೆ ಉಬ್ಬಿಸುತ್ತಿದ್ದ.

ಹಾಗೇ ಇಬ್ಬರೂ ಮುದುಕರಾದರು; ಹೋದ ವರ್ಷ ಮೌನೇಶಪ್ಪ ತೀರಿಕೊಂಡ. ಅವನ ಕ್ರಿಯಾಕರ್ಮ ಮುಗಿದ ಮೇಲೆ ಕಾಳವ್ವನ ಮನೆಗೆ ಹೋದೆ. ಪಾಪ, ಈ ವಯಸ್ಸಿನಲ್ಲಿ ಎಷ್ಟಂತ ಹತ್ತಿ ಇಳಿದಾಳು? "ನಿನಗ ಬೇಕಾದಂಗ ಗಾಳಿಗೆ ಅಡ್ಡ ಹಾಕೂಣವಾ" ಎಂದು ಮಂಚದ ಕಾಲಿಗೆ ಕೈ ಹಚ್ಚಿದೆ.

ಆಕೆ ಬಂದು ಮಂಚದ ಮೇಲೆ ಕೂತುಬಿಟ್ಟಳು.

"ಬ್ಯಾಡ್ರಿ. ಈಗ ಅಡ್ಡ ಹಾಕಿದ್ರ, ನಾ ಒಬ್ಬಾಕಿನೇ ಗೆದ್ದಂಗ ಆಕೈತಿ."