ಅಕ್ಕೋರ ಮುಂದೆ ಹಾಡಿದ ಮಗಳು

ಅವರ ಬೆರಳುಗಳು ಹಸಿಶುಂಠಿಯ ಹಾಗೆ ಗಂಟುಗಂಟಾಗಿದ್ದವು. ಚಹಾದ ಕಪ್ ಹಿಡಿಯಲು ಎರಡೂ ಕೈ ಬೇಕು. ಪಿಯಾನೊ ಮೇಲೆ ಇಟ್ಟರೆ ಮಾತ್ರ ಆ ಗಂಟುಗಳೆಲ್ಲ ಎಲ್ಲಿ ಹೋಗುತ್ತಿದ್ದವೋ! ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕಿ, ನನ್ನ ಮಗಳಿಗೆ ಪಿಯಾನೊ ಕಲಿಸಿದವರು. ಧಾರವಾಡದಲ್ಲಿ ಕಲಿಸುವ ಹೆಂಗಸರನ್ನು ಕರೆಯುವಂತೆ ನಾನು ಅವರನ್ನೂ ಅಕ್ಕೋರು ಎನ್ನುತ್ತಿದ್ದೆ. ಬಾಯಲ್ಲಿ ಅಕ್ಕೋರು, ಹೊಟ್ಟೆಯಲ್ಲಿ ಬೆಂಕಿ.

ಯಾಕೆಂದರೆ ನಾನೂ ಹಾಡುವವಳೇ. ಮದುವೆಗೆ ಮುಂಚೆ ವರ್ಷಗಟ್ಟಲೆ ತಂಬೂರಿ ಹಿಡಿದು ಕೂತವಳು. ಮಗಳನ್ನು ಮುಂದೆ ಕೂರಿಸಿಕೊಂಡು "ಸಾ ಅನ್ನವ್ವಾ" ಎಂದರೆ ಅವಳು "ನಾಟ್ ನೌ, ಮಮ್" ಎಂದು ಎದ್ದು ಹೋಗುತ್ತಿದ್ದಳು.

ಅಕ್ಕೋರ ಪದ್ಧತಿಯೋ, ಹೊಸ ಪಾಠವನ್ನು ಮೊದಲು ಬಾಯಲ್ಲಿ ಹಾಡಬೇಕು, ಆಮೇಲೆ ಪಿಯಾನೊ ಮುಟ್ಟಬೇಕು. "ಗಂಟಲಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಮಗಳನ್ನು ಕರೆಯಲು ಹೋದವಳು ಅವರ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ನನ್ನ ಮಗಳು ಗಂಟಲು ತೆರೆದು ಹಾಡುತ್ತಿದ್ದಳು! ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ.

"ನನ್ನ ಮುಂದ ಬಾಯಿ ಬಿಡಂಗಿಲ್ಲ, ಅಲ್ಲಿ ಹೋಗಿ ಹಾಡಾಕತ್ಯಾಳ ನೋಡ್ರಿ!"

"ಎಲ್ಲ್ಯರ ಹಾಡಲಿ ಬಿಡ, ಹಾಡಿದಳಲ್ಲಾ" ಎಂದರು ಅವರು, ಪೇಪರಿನಿಂದ ತಲೆ ಎತ್ತದೆ.

ಅವಳು ಹಾಡುತ್ತಿದ್ದದ್ದು ಎ ಮೈನರ್ ಸ್ವರಶ್ರೇಣಿಯ ಒಂದು ಸೊನಾಟಾ, ಪಿಯಾನೊಗೆಂದೇ ಬರೆದ ಕೃತಿ, ಇನ್ನೂರು ವರ್ಷಕ್ಕೂ ಹಳೆಯದು. ಅದರ ಕಥೆಯನ್ನೂ ಅಕ್ಕೋರೇ ಹೇಳಿದ್ದರಂತೆ. ಬರೆದವನು ಇಪ್ಪತ್ತೆರಡರ ಹುಡುಗ. ಕೆಲಸ ಹುಡುಕಿಕೊಂಡು ತಾಯಿಯ ಜೊತೆ ಪ್ಯಾರಿಸ್ಸಿಗೆ ಹೋಗಿದ್ದ. ಆ ಬೇಸಿಗೆಯಲ್ಲಿ ತಾಯಿ ಅಲ್ಲೇ ತೀರಿಕೊಂಡಳು. ಊರಲ್ಲಿದ್ದ ತಂದೆಗೆ ನಿಜ ಹೇಳಲಾರದೆ, ಹುಷಾರಿಲ್ಲ ಎಂದಷ್ಟೇ ಮೊದಲು ಬರೆದ. ಸೊನಾಟಾ ಅದೇ ಬೇಸಿಗೆಯದು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಬಂದು ನಿಂತಳು. "ಅವ್ವಾ, ಅಜ್ಜಿ ಹೋದಾಗ ನಿನಗ ಯಾರು ಹೇಳಿದ್ರು?" ಎಂದಳು, ಕನ್ನಡದಲ್ಲಿ.

ನನಗೂ ಫೋನಿನಲ್ಲಿ ಅಣ್ಣ ಹೇಳಿದ್ದು "ಅವ್ವಗ ಆರಾಮಿಲ್ಲ" ಎಂದೇ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನೆಲ್ಲ ಅವಳಿಗೆ ಹೇಳುತ್ತ ಅತ್ತುಬಿಟ್ಟೆ. ಈ ಪ್ರಶ್ನೆ ಅವಳು ಕೇಳಲಿ ಎಂದು ಎಷ್ಟು ವರ್ಷ ಕಾದಿದ್ದೆ! ಅದನ್ನೂ ಪಕ್ಕದ ಮನೆಯಾಕೆಯೇ ಅವಳ ಬಾಯಿಂದ ಹೊರಡಿಸಿದಳಲ್ಲ ಎಂದು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ.

ಕೆಲವು ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡರು. ಬೇರೆ ಊರಲ್ಲಿ ಓದುತ್ತಿದ್ದ ಮಗಳು ಓಡಿ ಬಂದಳು. ಶವಪೆಟ್ಟಿಗೆಯ ಮುಂದೆ ಅವಳು ಬಿಕ್ಕಿ ಬಿಕ್ಕಿ ಅತ್ತಾಗ, ನಾನು ಸತ್ತರೆ ಇಷ್ಟು ಅಳುತ್ತಾಳೋ ಇಲ್ಲವೋ ಎಂದು ಅಲ್ಲಿಯೂ ನನಗೆ ಹೊಟ್ಟೆಕಿಚ್ಚು. ಆಮೇಲೆ ಅವಳು ತಿರುಗಿ ನನ್ನನ್ನು ಹುಡುಕಿ, ಚಿಕ್ಕಂದಿನ ನಂತರ ಮೊದಲ ಸಲ ನನ್ನನ್ನು ತಬ್ಬಿಕೊಂಡಳು.

ಅದಕ್ಕೂ ಅಕ್ಕೋರೇ ಸಾಯಬೇಕಾಯಿತು.